ಶಿಲೆಯ ಸಾಕ್ಷ್ಯವೂ ಅಮಾನತ್ತೇ
(ಬೆಲ್ಲದ ಬಾಗೇವಾಡಿಯ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಸಾಲದ ವ್ಯವಹಾರ ಸಣ್ಣದಿರಲಿ, ದೊಡ್ಡದಿರಲಿ, ಅದನ್ನು ಬರೆದಿಡಬೇಕು, ಸಾಕ್ಷಿಗಳನ್ನಿರಿಸಬೇಕು ಎಂಬುದು ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತದ ಆದೇಶ. ಕೈಸಾಲಕ್ಕೇ ಇಷ್ಟು ಎಚ್ಚರ ಬೇಕೆಂದಾದರೆ, ಪೂರ್ವಜರು ಬಿಟ್ಟುಹೋದ ಮಸೀದಿ, ಖಬರಸ್ತಾನ, ಶಾಸನಗಳ ವಿಷಯದಲ್ಲಿ ನಾವು ತೋರಿದ ಎಚ್ಚರವೆಷ್ಟು?

ನಮ್ಮ ತಾಲೂಕಿನ ಹುಕ್ಕೇರಿಯಲ್ಲೇ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಬಿಜಾಪುರದ ಅರಬಿ, ಫಾರ್ಸಿ ಶಾಸನಗಳನ್ನು ಎಂ. ನಾಜಿಮ್ ಅವರು ಸಂಗ್ರಹಿಸಿದರು; ಪುರಾತತ್ವ ಇಲಾಖೆ 1936ರಲ್ಲಿ ಅದನ್ನು ಪ್ರಕಟಿಸಿತು. ಆದರೆ ನಮ್ಮ ಎಷ್ಟೋ ಊರುಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನಗಳ ಮೇಲೆ ಬಣ್ಣ ಬಳಿಯಲಾಗಿದೆ, ಟೈಲ್ಸ್ ಮುಚ್ಚಲಾಗಿದೆ. ಇದನ್ನು ಮಾಡಿದವರು ಪರಕೀಯರಲ್ಲ, ನಾವೇ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ಪ್ರದೇಶದ ಶಾಸನಗಳನ್ನು ತ್ರಿ-ಆಯಾಮ ಸ್ಕ್ಯಾನರ್‌ನಿಂದ ದಾಖಲಿಸುತ್ತ ಬಂದಿದೆ. ಬಿ.ಎಲ್. ರೈಸ್ ಅವರ ಸಂಪುಟದಲ್ಲಿ ಅಚ್ಚಾದ ಹಲವು ಶಾಸನಗಳು ಇಂದು ಸ್ಥಳದಲ್ಲಿಲ್ಲ. ಕಲ್ಲು ಹೋಯಿತು, ದಾಖಲೆ ಉಳಿಯಿತು. ಈ ಕೆಲಸದ ಮಹತ್ವವನ್ನು ತಿಳಿಯಲು ಇಷ್ಟೇ ಸಾಕು.

ಆದರೆ ಕಂಪ್ಯೂಟರಿಗೆ ಸೇರಿಸಿದ ಮಾತ್ರಕ್ಕೆ ದಾಖಲೆ ಶಾಶ್ವತವಾಗುವುದಿಲ್ಲ. ಲಂಡನ್ನಿನ ನ್ಯೂಹ್ಯಾಮ್ ವಸ್ತುಸಂಗ್ರಹಾಲಯದ ಉತ್ಖನನ ವಿಭಾಗ 1998ರಲ್ಲಿ ಮುಚ್ಚಿದಾಗ ಇನ್ನೂರಕ್ಕೂ ಹೆಚ್ಚು ಫ್ಲಾಪಿಗಳು ಯಾರ್ಕ್ ವಿಶ್ವವಿದ್ಯಾಲಯದ ಪುರಾತತ್ವ ದತ್ತಾಂಶ ಭಂಡಾರಕ್ಕೆ ಬಂದವು. ಕೆಲವು ಕಡತಗಳು ತೆರೆಯಲೇ ಇಲ್ಲ. ತೆರೆದವುಗಳಲ್ಲಿಯೂ ಯಾವುದು ಯಾವ ಜಾಗದ್ದೆಂದು ಹೇಳುವ ವಿವರಣೆ ಇರಲಿಲ್ಲ. 2023ರಲ್ಲಿ ಬ್ರಿಟಿಷ್ ಲೈಬ್ರರಿಯೂ 2024ರಲ್ಲಿ ಇಂಟರ್‌ನೆಟ್ ಆರ್ಕೈವ್ ಸಹ ಸೈಬರ್ ದಾಳಿಗೆ ತುತ್ತಾದವು.

ಆದುದರಿಂದ ಮೂರು ಮಾತುಗಳನ್ನು ಗಮನಿಸೋಣ. ಮೊದಲನೆಯದು, ವಿವರಣೆ. ಹದೀಸ್ ವಿದ್ವಾಂಸರು ವರದಿಯೊಂದಿಗೆ ವರದಿಗಾರರ ಸರಣಿಯನ್ನೂ ಪರೀಕ್ಷಿಸಿದರು. ಅದೇ ರೀತಿ ಪ್ರತಿ ಚಿತ್ರದೊಂದಿಗೆ ಊರು, ಸರ್ವೆ ನಂಬರ್, ಅಕ್ಷಾಂಶ-ರೇಖಾಂಶ, ತೆಗೆದವರು, ದಿನಾಂಕ ಇರಲೇಬೇಕು. ಎರಡನೆಯದು, ಹಲವು ಪ್ರತಿಗಳು: ಕನಿಷ್ಠ ಮೂರು, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಕಾರ್ಯದರ್ಶಿಯ ಮೊಬೈಲಿನಲ್ಲಿರುವುದು ದಾಖಲೆಯಲ್ಲ; ಅವರು ಬದಲಾದ ದಿನವೇ ಅದೂ ಹೋಗುತ್ತದೆ. ಮೂರನೆಯದು, ಹಂಚಿಕೆ. ಇತಿಹಾಸಕಾರರಿಗೆ, ವಿದ್ಯಾರ್ಥಿಗಳಿಗೆ, ಬೇರೆ ಧರ್ಮದ ನೆರೆಯವರಿಗೂ ಅದು ತೆರೆದಿರಲಿ. ಮುಚ್ಚಿಟ್ಟ ಸಾಕ್ಷ್ಯ ಯಾರಿಗೂ ಸಾಕ್ಷಿ ನುಡಿಯಲಾರದು.

ಇದು ಬರಿಯ ವಿದ್ವಾಂಸರ ವಿಷಯವಲ್ಲ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಳಿಕ ಕೇಂದ್ರ ಸರಕಾರ ಜೂನ್ 6ರಂದು ಉಮೀದ್ ಪೋರ್ಟಲ್ ಆರಂಭಿಸಿ, ನೋಂದಾಯಿತ ವಕ್ಫ್ ಆಸ್ತಿಗಳ ವಿವರ ಸೇರಿಸಲು ಆರು ತಿಂಗಳ ಅವಧಿ ನೀಡಿತು. ಘೋಷಣೆಯ ವೇಳೆ ಸಂರಕ್ಷಿತ ಸ್ಮಾರಕವಾಗಿದ್ದ ಆಸ್ತಿಯ ವಕ್ಫ್ ಘೋಷಣೆ ಅಸಿಂಧುವೆಂಬ ಕಲಮೂ ಆ ಕಾಯ್ದೆಯಲ್ಲಿದೆ. ಹೀಗಿರುವಾಗ ಒಂದು ಕಟ್ಟಡದ ಕಾಲ, ಬಳಕೆ, ಶಾಸನಗಳ ಪುರಾವೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯ್ದೆಯ ಅನ್ಯಾಯವನ್ನು ಸಂವಿಧಾನಬದ್ಧವಾಗಿ ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಕಪಾಟು ಖಾಲಿಯಾಗಿದ್ದರೆ ನ್ಯಾಯಾಲಯದ ಮುಂದೆ ನಾವು ಇಡುವುದಾದರೂ ಏನನ್ನು? ಸರಕಾರದ ಪೋರ್ಟಲ್‌ನಲ್ಲಿ ಸೇರಿಸಿದ್ದರ ಪ್ರತಿಯೂ ನಮ್ಮಲ್ಲಿರಬೇಕು.

ಪ್ರತಿ ಜಮಾಅತ್‌ನಲ್ಲಿ ಇಬ್ಬರು ಯುವಕರು, ಇಬ್ಬರು ಯುವತಿಯರು ಈ ಹೊಣೆ ಹೊರಲಿ. ಹಿರಿಯರು ಹಳೆಯ ಪೆಟ್ಟಿಗೆಗಳ ಬೀಗ ತೆರೆಯಲಿ. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ.