ನೆಲ ತಬ್ಬುವ ಗುಲಾಬಿ

ಗುಲಾಬಿ ಎಂದೊಡನೆ ನೀಳ ದಂಟು, ತುದಿಯಲ್ಲೊಂದು ಹೂ ಕಣ್ಣಿಗೆ ಕಟ್ಟುತ್ತದೆ. ಜರ್ಮನಿಯ ವರ್ನರ್ ನೋಅಕ್ ರೂಪಿಸಿದ ‘ಹೈಡೆಟ್ರೌಮ್’ ತಳಿ ಹಾಗಲ್ಲ. ಮೊಣಕಾಲೆತ್ತರದಲ್ಲೇ ಅಗಲಕ್ಕೆ ಹರಡುತ್ತದೆ. ಹೊಳೆಯುವ ಪುಟ್ಟ ಎಲೆಗಳ ಮೇಲೆ ಗಾಢ ಗುಲಾಬಿ ಬಣ್ಣದ ಗೊಂಚಲು. ಬಾಡಿದ ಹೂ ಚಿವುಟುವ ಗೋಜಿಲ್ಲ, ದಳಗಳು ತಾವೇ ಉದುರುತ್ತವೆ. 1990ರಲ್ಲಿ ಅದಕ್ಕೆ ಜರ್ಮನಿಯ ಹೊಸ ಗುಲಾಬಿ ತಳಿಗಳ ಪರೀಕ್ಷೆಯಾದ ಎ.ಡಿ.ಆರ್.ನ ಮನ್ನಣೆ ಸಂದಿತು. ಆ ಪರೀಕ್ಷೆಯಲ್ಲಿ ಅಂದದ ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ನೋಡುತ್ತಾರೆ. 1997ರಿಂದ ಪರೀಕ್ಷೆಯ ಗಿಡಗಳಿಗೆ ಔಷಧಿ ಸಿಂಪಡಿಸುವಂತೆಯೇ ಇಲ್ಲ. ನನಗೆ ತುಂಬ ಹಿಡಿಸಿದ ನಿಯಮವಿದು.

ಆರೈಕೆ ಕಡಿಮೆಯೆಂದು ಮರೆತುಬಿಡುವಂತಿಲ್ಲ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ನೆಡುವ ಮುನ್ನವೇ ಕಳೆಯನ್ನು ಬೇರುಸಹಿತ ಕೀಳಬೇಕು. ಗಿಡ ಹರಡಿದ ಮೇಲೆ ಮುಳ್ಳಿನ ನಡುವೆ ಕೈಹಾಕುವುದು ಕಷ್ಟ. ನೀರು ಬೆಳಗ್ಗೆಯೇ, ಎಲೆ ನೆನೆಯದಂತೆ ಬುಡಕ್ಕೆ. ಚಳಿಗಾಲ ಮುಗಿಯುವ ಹೊತ್ತಿಗೆ ಮೂರರಲ್ಲೊಂದು ಭಾಗ ಉಳಿಸಿ ಧೈರ್ಯವಾಗಿ ಸವರಿ, ಬುಡದಿಂದಲೇ ಹೊಸ ಕುಡಿಗಳೇಳುತ್ತವೆ.