ಒಂಟಿಯಾಗಿ ಹೊಸ ಊರಿಗೆ ಬಂದವರು
(ಜುಮಾ ಖುತ್ಬಾದ ಸಾರಾಂಶ)



ಹಿಜ್ರತ್ ಮಾಡಿ ಮದೀನಾಕ್ಕೆ ಬಂದ ಹೊಸತರಲ್ಲಿ ಹ. ಅಬೂಬಕರ್(ರ) ಮತ್ತು ಹ. ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರ ಇಳಿದಾಗಲೆಲ್ಲ ಬಿಲಾಲರು ಮಕ್ಕಾದ ಕಣಿವೆಯ ಹುಲ್ಲನ್ನು, ಅಲ್ಲಿಯ ನೀರನ್ನು ನೆನೆದು ಹಾಡುತ್ತಿದ್ದರು. ತನ್ನನ್ನು ಸುಡುವ ಮರಳಿನ ಮೇಲೆ ಮಲಗಿಸಿ ಹಿಂಸಿಸಿದ ಊರನ್ನೇ ನೆನೆಯುತ್ತಿದ್ದರು! ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ. ಮಕ್ಕಾದಷ್ಟೇ, ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ನಮಗೆ ಪ್ರಿಯಗೊಳಿಸೆಂದು ದುಆ ಮಾಡಿದರು. ಊರಿನ ನೆನಪು ಈಮಾನಿನ ಕೊರತೆಯಲ್ಲ.

ಪುತ್ತೂರು, ಬೆಳ್ತಂಗಡಿ, ಭಟ್ಕಳದಿಂದ ನಮ್ಮ ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರಿಗೆ ಬರುತ್ತಾರೆ. ಅನೇಕರಿಗೆ ಅದೇ ಮೊದಲ ಒಂಟಿ ಪ್ರಯಾಣ. ರಾತ್ರಿ ಒಬ್ಬನೇ ಹೋಗುವುದರ ಅಪಾಯವನ್ನು ಹದೀಸ್ ಎಚ್ಚರಿಸುತ್ತದೆ, ನಿಜ. ಆದರೆ ಜನ ತುಂಬಿದ ಬಸ್ಸು ಆ ನಿರ್ಜನ ಮರುಭೂಮಿಯಲ್ಲ. ತಾಯಂದಿರು ಅಷ್ಟು ಭಯಪಡಬೇಕಾಗಿಲ್ಲವೆಂದು ನಮಗನಿಸುತ್ತದೆ. ದಾರಿ ಕೇಳಲು ನಾಚಿಕೆ ಬೇಡ. ಹಿಜ್ರತ್‌ನಲ್ಲಿ ಪ್ರವಾದಿ(ಸ)ರಿಗೆ ದಾರಿ ತೋರಿಸಿದ ಅಬ್ದುಲ್ಲಾ ಬಿನ್ ಉರೈಕಿತ್ ಆಗ ಮುಸ್ಲಿಮನೂ ಆಗಿರಲಿಲ್ಲ. ದಾರಿ ಬಲ್ಲವನು, ನಂಬಿಗಸ್ತ, ಅಷ್ಟೇ.

ದಾರಿಯಲ್ಲಿ ಇಶಾವನ್ನು ಎರಡು ರಕಅತ್ ಕಸ್ರ್ ಮಾಡಬಹುದು. ಬಸ್ಸು ಬೆಳಗ್ಗೆ ಮೆಜೆಸ್ಟಿಕ್ ತಲುಪಿದಾಗ ಸುಬ್‌ಹಿ ತಪ್ಪದಿರಲಿ. ಆದರೆ ನೌಕರಿ ಹಿಡಿದು, ರೂಮು ಮಾಡಿ, ವರ್ಷವಿಡೀ "ನಾನಿನ್ನೂ ಮುಸಾಫಿರ್" ಎಂದು ಕಸ್ರ್ ಮಾಡುವವರಿದ್ದಾರೆ. ಅದು ಸಲ್ಲದು. ಹದಿನೈದು ದಿನ ತಂಗುವ ನಿಯ್ಯತ್ ಇದ್ದರೆ ಹನಫಿಗಳಲ್ಲಿ ಪೂರ್ಣ ನಮಾಝ್. ಶಾಫಿಈಗಳಲ್ಲಿ ಬಂದ ದಿನ, ಹೋಗುವ ದಿನ ಬಿಟ್ಟು ನಾಲ್ಕೇ ದಿನ.

ಇನ್ನೊಂದು ಗೊಂದಲ ಅಸ್ರ್‌ನದು. ಕರಾವಳಿಯ ನಮ್ಮವರು ಹೆಚ್ಚಾಗಿ ಶಾಫಿಈಗಳು, ಬೆಂಗಳೂರಿನ ಹೆಚ್ಚಿನ ಮಸೀದಿಗಳು ಹನಫಿ. ಇಲ್ಲಿ ಅಸ್ರ್ ಅಝಾನ್ ಸುಮಾರು ಒಂದು ಗಂಟೆ ತಡ. ಸುಬ್‌ಹಿಯಲ್ಲಿ ಕುನೂತ್ ಇಲ್ಲ. ಇದನ್ನು ಕಂಡು ಹುಡುಗರು ರೂಮಿನಲ್ಲೇ ನಮಾಝ್ ಮಾಡತೊಡಗುತ್ತಾರೆ. ಆಮೇಲೆ ಅದೂ ನಿಲ್ಲುತ್ತದೆ. ಮಕ್ಕಳೇ, ಈ ಕಾರಣಕ್ಕೆ ಜಮಾಅತ್ ಬಿಡಬೇಡಿ. ನಾಲ್ಕೂ ಮದ್‌ಹಬ್ ನಮ್ಮವೇ.

ಮಸೀದಿಯವರಾದ ನಮಗೂ ಒಂದು ಮಾತಿದೆ. ಮದೀನಾದ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದಾಗ ಅಬ್ದುರ್ರಹ್ಮಾನ್ ಬಿನ್ ಔಫ್(ರ), ಪೇಟೆ ಎಲ್ಲಿದೆ ತೋರಿಸಿ ಸಾಕು ಎಂದರು. ಈ ಹುಡುಗರೂ ನಮ್ಮ ಆಸ್ತಿ ಕೇಳುತ್ತಿಲ್ಲ. ಕೊನೆಯ ಸಫ್‌ನಲ್ಲಿ ಕೂತು, ಸಲಾಮ್ ಆದ ಕೂಡಲೇ ಎದ್ದು ಹೋಗುತ್ತಾರೆ. ಇಂದು ಹೊರಡುವ ಮುನ್ನ ಅವರಲ್ಲೊಬ್ಬನ ಕೈ ಹಿಡಿದು, ಊಟ ಎಲ್ಲಿ ಮಾಡುತ್ತೀಯಪ್ಪಾ ಎಂದು ಕೇಳೋಣ.