ನೊಂದವಳ ಹೆಗಲಿಗೆ ಒಂದು ಹೊದಿಕೆ



ಬೀಜ ಗೊಬ್ಬರದ ಮಾತನ್ನು ಇವತ್ತು ಬದಿಗಿಟ್ಟು, ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಒಂದು ವಿಷಯವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಬಲಾತ್ಕಾರಕ್ಕೆ ಈಡಾದ ಹೆಣ್ಣುಮಗಳನ್ನು ಸುತ್ತಲಿನವರು ಹೇಗೆ ನಡೆಸಿಕೊಳ್ಳಬೇಕೆಂಬುದೇ ಆ ವಿಷಯ. ಇದು ಹೆಂಗಸರ ಮಾತು, ನಮಗೇಕೆ ಎಂದು ಗಂಡಸರು ಮೇಲೇಳಬೇಡಿ. ಮೊದಲು ಅಮೆರಿಕಾ ದೇಶದಲ್ಲಿ ನಡೆಯುತ್ತಿರುವ ಒಂದು ಸಣ್ಣ ಕೆಲಸದ ಸಂಗತಿ ಹೇಳುತ್ತೇನೆ. ಆಮೇಲೆ ನಮ್ಮ ಊರಿಗೆ ಬರೋಣ.

ಆ ದೇಶದ ಅನೇಕ ಊರುಗಳಲ್ಲಿ ಹೆಂಗಸರು, ಕೆಲವು ಕಡೆ ಗಂಡಸರೂ, ಬಿಡುವಿನ ವೇಳೆಯಲ್ಲಿ ಒಂದೆಡೆ ಸೇರಿ ಮಫ್ಲರಿನಂಥ ಕುತ್ತಿಗೆ ಶಾಲು ಹೆಣೆಯುತ್ತಾರೆ. ಅದನ್ನು ಅವರು ಸ್ಕಾರ್ಫ್ ಎನ್ನುತ್ತಾರೆ. ಎರಡು ಕಡ್ಡಿ ಹಿಡಿದು ಹೆಣೆಯುವುದು ಒಂದು ಬಗೆ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಹಾಕುವುದು ಇನ್ನೊಂದು ಬಗೆ; ನಮ್ಮ ಮನೆಗಳಲ್ಲಿ ಬಾಗಿಲ ತೋರಣ ಹಾಕುವ ಕ್ರೋಶಾ ಅದೇ. ಶಾಲು ಸುಮಾರು 5–6 ಅಡಿ ಉದ್ದ, ಒಂದು ಗೇಣು ಅಗಲ. ಕೈ ಪಳಗಿದವರಿಗೂ ಹಲವು ಸಂಜೆಗಳ ಕೆಲಸ. ಹೀಗೆ ಹೆಣೆದದ್ದನ್ನು ಅವರು ಮಾರುವುದಿಲ್ಲ. ಬಲಾತ್ಕಾರಕ್ಕೋ ಮನೆಯೊಳಗಿನ ಹಿಂಸೆಗೋ ಸಿಕ್ಕಿ ಬಂದ ಹೆಂಗಸರಿಗೆ ಕೊಡಲೆಂದು ನೆರವಿನ ಕೇಂದ್ರಗಳಿಗೆ ಕಳುಹಿಸುತ್ತಾರೆ. ಕ್ಯಾಲಿಫೋರ್ನಿಯಾ ಸಂಸ್ಥಾನದ ‘ಹ್ಯಾಂಡ್‌ಮೇಡ್ ಎಸ್ಪೆಷಲಿ ಫಾರ್ ಯು’ ಎಂಬ ಸಂಸ್ಥೆ ಈ ಬಗೆಯ ಕೆಲಸ ಮಾಡುವವುಗಳಲ್ಲೊಂದು. ಇದಕ್ಕೆ ಹತ್ತಿರದ ಇನ್ನೊಂದು ಪದ್ಧತಿ 1998ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಇಬ್ಬರು ಹೆಂಗಸರಿಂದ ಮೊದಲಾಯಿತು. ರೋಗಿಗಳಿಗೂ ದುಃಖದಲ್ಲಿರುವವರಿಗೂ ಪ್ರಾರ್ಥನೆ ಮಾಡುತ್ತ ಶಾಲು ಹೆಣೆದುಕೊಡುವ ಪದ್ಧತಿ ಅದು.

ಇಷ್ಟು ದೊಡ್ಡ ಸಂಕಟಕ್ಕೆ ಒಂದು ಶಾಲೇ ಎಂದು ನಿಮಗೆ ಅನ್ನಿಸಬಹುದು. ಅದು ತಲಪುವ ಗಳಿಗೆಯನ್ನು ತಿಳಿದರೆ ಅದರ ಬೆಲೆ ತಿಳಿಯುತ್ತದೆ.

ಇಂಥ ಹೆಣ್ಣುಮಗಳು ಆಸ್ಪತ್ರೆಗೆ ಬಂದಾಗ ಗಾಯಕ್ಕೆ ಮದ್ದು ಹಾಕುವುದರ ಜೊತೆಗೆ ಸಾಕ್ಷ್ಯವನ್ನೂ ಸಂಗ್ರಹಿಸಬೇಕಾಗುತ್ತದೆ. ಅದು ಕೆಲವು ಗಂಟೆಗಳ ಕೆಲಸ. ಅವಳು ಉಟ್ಟು ಬಂದ ಬಟ್ಟೆಯೇ ಒಂದು ಸಾಕ್ಷ್ಯ, ಆದ್ದರಿಂದ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಬಟ್ಟೆ ಹೋಯಿತು, ಮೈಮೇಲೆ ಆಸ್ಪತ್ರೆಯ ತೆಳು ನಿಲುವಂಗಿ, ಕೋಣೆ ತಣ್ಣಗಿದೆ, ಎದುರಿಗಿರುವವರೆಲ್ಲ ಅಪರಿಚಿತರು. ಭಯಪಟ್ಟ ಮೈ ಸೆಕೆಯಲ್ಲೂ ನಡುಗುತ್ತದೆ. ಶಿಕಾಗೋ ನಗರದಲ್ಲಿ 1970ರ ದಶಕದಲ್ಲಿ ಮಾರ್ಟಿ ಗಾಡರ್ಡ್ ಎಂಬ ಮಹಿಳೆ ಈ ಸ್ಥಿತಿಯನ್ನು ವಿಚಾರಿಸಿದಾಗ, ಸಾಕ್ಷ್ಯವನ್ನು ಸರಿಯಾಗಿ ತೆಗೆದಿಡುವ ಕ್ರಮವೂ ಇರಲಿಲ್ಲ, ಬಟ್ಟೆ ಕಳೆದುಕೊಂಡವಳು ಏನು ತೊಟ್ಟು ಮನೆಗೆ ಹೋಗಬೇಕೆಂದು ಕೇಳುವವರೂ ಇರಲಿಲ್ಲ. ಆಕೆಯ ಪ್ರಯತ್ನದಿಂದ 1978ರಲ್ಲಿ ಆ ಸೀಮೆಯ ಆಸ್ಪತ್ರೆಗಳಿಗೆ ಸಾಕ್ಷ್ಯ ಸಂಗ್ರಹದ ಪೆಟ್ಟಿಗೆ ಬಂತು. ಅದೇ ದಶಕದಲ್ಲಿ ಈ ಪರೀಕ್ಷೆಗೆಂದೇ ತರಬೇತಾದ ದಾದಿಯರೂ, ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವ ಸ್ವಯಂಸೇವಕಿಯರೂ ಅಲ್ಲಿನ ಕೆಲವು ನಗರಗಳಲ್ಲಿ ಕೆಲಸಕ್ಕಿಳಿದರು. ಈ ಸ್ವಯಂಸೇವಕಿಯರಂಥವರ ಕೈಯಿಂದಲೇ ಶಾಲು ಅವಳಿಗೆ ಸೇರುತ್ತದೆ.

ಕೊಡುವ ರೀತಿಯಲ್ಲಿ ವಿವೇಕವಿರಬೇಕು. ಶಾಲನ್ನು ಯಾರೂ ತಾವಾಗಿ ಅವಳ ಕುತ್ತಿಗೆಗೆ ಸುತ್ತಬಾರದು. ಕುತ್ತಿಗೆ ಹಿಸುಕಿಸಿಕೊಂಡು ಬಂದವಳಿಗೆ ಕುತ್ತಿಗೆಯ ಮೇಲಿನ ಶಾಲೇ ಹೆದರಿಕೆ ತರಬಹುದು. ನಾಲ್ಕಾರು ಬಣ್ಣದವನ್ನು ಮುಂದಿಟ್ಟು, ಬೇಕಾದರೆ ಆರಿಸಿಕೋ, ಬೇಡವಾದರೆ ಬಿಡು ಎನ್ನಬೇಕು. ಯಾರ ಇಷ್ಟಾನಿಷ್ಟವನ್ನು ಒಬ್ಬ ದುಷ್ಟ ತುಳಿದು ಹೋಗಿದ್ದಾನೋ ಅವಳಿಗೆ ‘ಇದು ಬೇಕು, ಅದು ಬೇಡ’ ಎನ್ನುವ ಅಧಿಕಾರವನ್ನು ಮರಳಿ ಕೊಡುವುದು ಇಲ್ಲಿಂದ ಶುರುವಾಗುತ್ತದೆ. ನನಗೆ ಶಾಲಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಹೆಣೆಯುವವರಿಗೂ ಕಟ್ಟುಪಾಡುಗಳಿವೆ. ನೂಲು ಮೆತ್ತಗಿರಬೇಕು, ಚುಚ್ಚಬಾರದು. ಕೆಲವರ ಮೈಗೆ ಉಣ್ಣೆ ಒಗ್ಗದು, ಒಗೆಯುವುದೂ ಕಷ್ಟ. ಆದ್ದರಿಂದ ಅಕ್ರಿಲಿಕ್ ನೂಲನ್ನು ಹೆಚ್ಚಾಗಿ ಬಳಸುತ್ತಾರೆ. ಬೀಡಿ ಸಿಗರೇಟಿನ ವಾಸನೆಯಾಗಲಿ ನಾಯಿ ಬೆಕ್ಕಿನ ಕೂದಲಾಗಲಿ ಇರಕೂಡದು. ಒಗೆಯುವ ಕ್ರಮವನ್ನೂ ಒಂದೆರಡು ಧೈರ್ಯದ ಮಾತನ್ನೂ ಬರೆದ ಚೀಟಿ ಕಟ್ಟುವುದುಂಟು. ಹಲವರು ಆರಿಸುವ ಬಣ್ಣ ನವಿಲಿನ ಕುತ್ತಿಗೆಯ ನೀಲಿಹಸಿರು. ಬಲಾತ್ಕಾರವನ್ನು ತಡೆಯುವ ಪ್ರಚಾರಕ್ಕೆ ಆ ದೇಶದಲ್ಲಿ ಅದೇ ಗುರುತಿನ ಬಣ್ಣ. 2001ರಿಂದ ಏಪ್ರಿಲ್ ತಿಂಗಳನ್ನು ಅದಕ್ಕಾಗಿ ಮೀಸಲಿಟ್ಟಿದ್ದಾರೆ. ಶಾಲು ಯಾರಿಗೆ ಹೋಯಿತೆಂದು ಹೆಣೆದವಳು ಕೇಳುವುದಿಲ್ಲ, ಕೇಳಲೂಬಾರದು. ದಾನ ಕೊಟ್ಟು ಫೋಟೋ ತೆಗೆಸಿಕೊಳ್ಳುವ ನಮ್ಮವರು ಇದನ್ನು ಸ್ವಲ್ಪ ಯೋಚಿಸಬೇಕು.

ಈಗ ನಮ್ಮ ಊರಿನ ಮಾತು. ಮಳೆಯಲ್ಲಿ ನೆನೆದು ಬಂದವನಿಗೆ ನಾವು ಮೊದಲು ಕಂಬಳಿ ಹೊದಿಸುತ್ತೇವೆ. ಮಳೆಗೆ ಏಕೆ ಹೋದೆ ಎಂದು ಆಮೇಲೆ ಕೇಳುತ್ತೇವೆ. ಆದರೆ ಬಲಾತ್ಕಾರಕ್ಕೆ ಸಿಕ್ಕಿ ಬಂದವಳಿಗೆ ಮೊದಲು ಪ್ರಶ್ನೆಗಳನ್ನೇ ಎಸೆಯುತ್ತೇವೆ. ಅಷ್ಟು ಹೊತ್ತಿನಲ್ಲಿ ಏಕೆ ಹೋದೆ? ಏಕೆ ಕೂಗಲಿಲ್ಲ? ರಾತ್ರಿ ಯಾರೋ ಬೇಲಿ ಮುರಿದು ದನ ನುಗ್ಗಿಸಿ ಪೈರು ಮೇಯಿಸಿದರೆ ಹೊಲವನ್ನು ಬಯ್ಯುವ ರೈತನುಂಟೇ? ‘ಮಾನ ಹೋಯಿತು’ ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಹೋದದ್ದು ಮಾಡಿದವನ ಮಾನ, ಅವಳದಲ್ಲ. ಮಾಡಿದವನು ಎಲ್ಲಿಂದಲೋ ಬಂದ ಕಳ್ಳನೆಂದೂ ತಿಳಿಯಬೇಡಿ. ಪೋಲೀಸರಲ್ಲಿ ದಾಖಲಾಗುವ ಇಂಥ ಮೊಕದ್ದಮೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಅವಳಿಗೆ ಗೊತ್ತಿದ್ದವನೇ ಎಂದು ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ. ನೆಂಟ, ನೆರೆಯವ, ಮನೆಗೆ ಬಂದು ಹೋಗುವವ. ಅದಕ್ಕಾಗಿಯೇ ಊರಿನ ಹಿರಿಯರು ರಾಜಿ ಪಂಚಾಯಿತಿಗೆ ಆತುರಪಡುತ್ತಾರೆ. ದಂಡ ಕೊಡಿಸಿ, ಇಲ್ಲವೇ ಅವನಿಗೇ ಮದುವೆ ಮಾಡಿ ಮುಗಿಸೋಣ ಎನ್ನುತ್ತಾರೆ. ಈ ಅಪರಾಧದಲ್ಲಿ ರಾಜಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಅವಳ ಹೆಸರನ್ನು ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಹರಡುವುದೂ ಅಪರಾಧವೇ.

ಮಾಡಬೇಕಾದ್ದು ಇಷ್ಟು. ಅವಳು ಹೇಳಿದ್ದನ್ನು ನಂಬಿ. ಒಪ್ಪಿದರೆ ಕೂಡಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೊತೆಯಲ್ಲಿ ಅವಳು ಬಯಸಿದವರೇ ಇರಲಿ. ಪರೀಕ್ಷೆಗೆ ಮುಂಚೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬದಲಿಸಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ಆಗಲೇ ಸ್ನಾನವಾಗಿದ್ದರೆ, ಇನ್ನೇನು ಪ್ರಯೋಜನವೆಂದು ಕೈಬಿಡದೆ ಹೋಗಿರಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಆರಂಭಿಸಬೇಕು. 2013ರ ಕಾನೂನು ತಿದ್ದುಪಡಿಯಿಂದೀಚೆಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಇಂಥವರಿಗೆ ಕೂಡಲೆ ಉಚಿತ ಚಿಕಿತ್ಸೆ ಕೊಡಲೇಬೇಕು. ಮೊದಲು ಪೋಲೀಸ್ ಕಾಗದ ತನ್ನಿ ಎನ್ನುವಂತಿಲ್ಲ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ನಮ್ಮ ಸರಹದ್ದಲ್ಲವೆಂದು ಹಿಂದಕ್ಕೆ ಕಳುಹಿಸುವ ಹಾಗಿಲ್ಲ. ಹೆಣ್ಣಿನ ಹಳೆಯ ನಡತೆಯನ್ನು ಅಳೆಯುತ್ತೇವೆಂದು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಯಾರೂ ಮಾಡಕೂಡದೆಂದು ಸುಪ್ರೀಂ ಕೋರ್ಟು 2022ರಲ್ಲಿ ಖಂಡಿತವಾಗಿ ಹೇಳಿದೆ.

ಇನ್ನು ಮಹಿಳಾ ಮಂಡಲದವರಿಗೆ, ಸ್ವಸಹಾಯ ಸಂಘದವರಿಗೆ ಒಂದು ಮಾತು. ನಿಮ್ಮಲ್ಲಿ ಕ್ರೋಶಾ ಬಲ್ಲವರೂ ಹೊಲಿಗೆ ಯಂತ್ರ ಇರುವವರೂ ಇದ್ದೀರಿ. 2015ರಿಂದ ಕೇಂದ್ರ ಸರ್ಕಾರದ ಯೋಜನೆಯಂತೆ ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳು ತೆರೆದಿವೆ. ವೈದ್ಯರು, ಪೋಲೀಸರು, ವಕೀಲರು, ತಂಗುವ ಜಾಗ, ಇವೆಲ್ಲದರ ನೆರವು ಒಂದೇ ಕಡೆ ಸಿಗಲೆಂದು ಮಾಡಿದ ಏರ್ಪಾಡು ಅದು. ನಮ್ಮಲ್ಲಿಯೂ ಬಟ್ಟೆಯನ್ನು ಸಾಕ್ಷ್ಯಕ್ಕೆ ತೆಗೆದಿಡುತ್ತಾರೆ. ನಮ್ಮ ಬಿಸಿಲ ಸೀಮೆಗೆ ಉಣ್ಣೆಯ ಶಾಲೇ ಬೇಕೆಂದಿಲ್ಲ. ಹತ್ತಿಯ ಹೊದಿಕೆ, ಸಡಿಲವಾದ ಚೂಡಿದಾರ, ಲಂಗ, ಒಳ ಉಡುಪು, ಒಂದು ಟವೆಲು, ಒಂದು ಜೊತೆ ಚಪ್ಪಲಿ ಹೆಚ್ಚು ಉಪಯೋಗಕ್ಕೆ ಬರಬಹುದು. ಮಕ್ಕಳ ಅಳತೆಯವೂ ಬೇಕಾಗುತ್ತವೆ ಎಂದು ಹೇಳಲು ಸಂಕಟವಾಗುತ್ತದೆ. ಮನೆಯಲ್ಲಿ ಬೇಡವಾದ ಹಳೆಯ ಸೀರೆಗಳ ಗಂಟನ್ನು ಮಾತ್ರ ಒಯ್ಯಬೇಡಿ. ಹೊಸದನ್ನೇ, ಒಂದು ಸಲ ಒಗೆದು ಮೆತ್ತಗೆ ಮಾಡಿ ಕೊಡಿ. ಹೊಲಿಯುವ ಮುನ್ನ ನಿಮ್ಮ ಜಿಲ್ಲೆಯ ಕೇಂದ್ರಕ್ಕೆ ಹೋಗಿ, ಏನು ಬೇಕು, ಎಷ್ಟು ಬೇಕು, ಯಾರ ಕೈಗೆ ಒಪ್ಪಿಸಬೇಕು ಎಂದು ವಿಚಾರಿಸಿರಿ. ಕೇಂದ್ರ ಎಲ್ಲಿದೆಯೆಂದು ತಿಳಿಯದಿದ್ದರೆ 181ಕ್ಕೆ ಫೋನು ಮಾಡಿ. ಅದು ಮಹಿಳೆಯರ ಸಹಾಯವಾಣಿ. ಮಕ್ಕಳ ವಿಷಯಕ್ಕೆ 1098, ತುರ್ತಾಗಿ ಪೋಲೀಸರು ಬೇಕಾದರೆ 112. ಈ ಮೂರು ಸಂಖ್ಯೆಗಳನ್ನು ಅಂಗನವಾಡಿಯ ಗೋಡೆಯ ಮೇಲೂ ಹಾಲಿನ ಡೇರಿಯ ಬಾಗಿಲ ಬಳಿಯೂ ದೊಡ್ಡ ಅಕ್ಷರದಲ್ಲಿ ಬರೆಸಿರಿ.